ಕಂಪನಿ ನಿಂತ ಗಾಡಿ, ಸಂಘದ ಸಾಲ

ಹನುಮಸಾಗರದಿಂದ ತಾಯಿಯೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಪತ್ರ ಅವರ ಮಾತಿನಲ್ಲೇ ಇದೆ:

‘ಅಕ್ಕಾರ, ನನ್ನ ಮಗ ಪಿಯುಸಿ ಎರಡನೇ ವರ್ಷ. ಕುಷ್ಟಗಿ ಕಾಲೇಜಿಗೆ ಬಸ್ಸಿಗೆ ಹೋಗಿ ಬರ್ತಾನ. ಹದಿನೇಳು ತುಂಬಿ ನಾಕು ತಿಂಗಳಾತು. ನಮ್ಮ ಓಣ್ಯಾಗ ಒಬ್ಬರ ಮನ್ಯಾಗ 1994ರ ಯೆಜ್ಡಿ ರೋಡ್‌ಕಿಂಗ್ ಗಾಡಿ ನಿಂತೈತಿ. ಅದನ್ನ ಕೊಡಸು ಅಂತ ಮೂರು ತಿಂಗಳಿಂದ ಗಂಟ ಬಿದ್ದಾನ. ಗಾಡಿ ಮಾಲಕರು ತೀರಿಕೊಂಡು ನಾಕು ವರ್ಷ ಆತು. ಅವರ ಮನೆಯವರು ನಲವತ್ತು ಸಾವಿರಕ್ಕ ಕೊಡ್ತೀನಿ ಅಂತಾರ. ಮಾಲಕರು ಇದ್ದಾಗನ ಸಹಿ ಮಾಡಿಟ್ಟ ಫಾರಂ ಅದಾವು, ಹೆಸರು ಬದಲಿಗೆ ತೊಂದ್ರಿ ಇಲ್ಲ ಅಂತ ಏಜೆಂಟ ಹೇಳ್ಯಾನ. ನಾನು ಸಂಘದಾಗ ಸಾಲ ಎತ್ತಬೇಕು. ನಮ್ಮ ಮನೆಯವರು, ಕಂಪನಿನ ಬಂದ್ ಆಗೇತಿ, ಆ ಗಾಡಿ ತಗೊಂಡು ಏನು ಪೂಜಿ ಮಾಡ್ತೀರೇನು ಅಂತಾರ. ಏನು ಮಾಡ್ಲಿ?’

ಮಹಿಳೆಯರ ಪುಟದಲ್ಲಿ ಬೈಕಿನ ವಿಷಯ ಯಾಕೆ ಅನ್ನಬೇಡಿ. ಗಾಡಿ ಓಡಿಸುವವರು ಗಂಡ, ಮಗ ಇರಬಹುದು. ಅದಕ್ಕೆ ಸಾಲ ಎತ್ತುವವರು, ವಾರದ ಕಂತು ಕಟ್ಟುವವರು, ಕಂತು ತಪ್ಪಿದರೆ ಸಂಘದ ಸಭೆಯಲ್ಲಿ ತಲೆ ತಗ್ಗಿಸಿ ಕೂಡುವವರು ನಾವೇ. ಅಂದಮೇಲೆ ಗಾಡಿಯ ಯೋಗಕ್ಷೇಮ ನಾವೂ ತಿಳಿದಿರಬೇಕು.

ಮೊದಲು ಹುಡುಗನ ಪರವಾಗಿ ಎರಡು ಮಾತು. ಅವನ ಆಸೆ ಪೂರಾ ಹುಚ್ಚುತನವೇನಲ್ಲ. ಯೆಜ್ಡಿ ನಮ್ಮ ನಾಡಿನದೇ ಗಾಡಿ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜೆಕ್ ದೇಶದ ಜಾವಾ ಬೈಕುಗಳನ್ನು ತಯಾರಿಸುತ್ತಿದ್ದರು. 1973ರಿಂದ ಅವಕ್ಕೆ ಯೆಜ್ಡಿ ಎಂಬ ಹೆಸರು ಬಂತು. ಎರಡು ಸೈಲೆನ್ಸರ್, ಒಂದೇ ಸಿಲಿಂಡರಿನ 250 ಸಿಸಿ ಎಂಜಿನ್. ಕಿಕ್ ಹೊಡೆಯುವ ಕಡ್ಡಿಯೇ ಮುಂದಕ್ಕೆ ಮಡಚಿದರೆ ಗೇರ್ ಹಾಕುವ ಕಡ್ಡಿ! ಗೊತ್ತಿಲ್ಲದವರು ಈ ಗಾಡಿ ಕದ್ದರೂ ಓಡಿಸಲಿಕ್ಕೆ ಬರುವುದಿಲ್ಲ ಎಂದು ನಮ್ಮ ತಂದೆ ನಗುತ್ತಿದ್ದರು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಮೈಸೂರು, ಬೆಂಗಳೂರುಗಳಲ್ಲಿ ಇವತ್ತಿಗೂ ಈ ಗಾಡಿಯ ಭಕ್ತರಿದ್ದಾರೆ. ಪ್ರತಿವರ್ಷ ಜುಲೈ ಎರಡನೇ ಭಾನುವಾರ ಸಾಲುಸಾಲು ಗಾಡಿ ತಂದು ಹಬ್ಬವನ್ನೇ ಮಾಡುತ್ತಾರೆ.

2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಬೈಕುಗಳು ಬಂದವಲ್ಲ, ಇನ್ನೇನು ತೊಂದರೆ ಎಂದು ಹುಡುಗ ಕೇಳಬಹುದು. ಹೆಸರಷ್ಟೇ ಹಳೆಯದು. ಹೊಸವುಗಳದು ನೀರಿನಿಂದ ತಂಪಾಗುವ ಫೋರ್ ಸ್ಟ್ರೋಕ್ ಎಂಜಿನ್. ಹಳೆಯದು ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕಾದ ಟೂ ಸ್ಟ್ರೋಕ್. ಹೊಸ ಷೋರೂಮಿನ ಸಾಮಾನು ಹಳೇ ಎಂಜಿನ್ನಿಗೆ ಕೂಡುವುದಿಲ್ಲ.

‘ಕಂಪನಿ ನಿಂತ ಗಾಡಿ’ ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆದರೆ ಅದರಲ್ಲೂ ಮೂರು ಬಗೆ ಇವೆ, ಕೊಳ್ಳುವವರಿಗೆ ಈ ವ್ಯತ್ಯಾಸ ಬಹಳ ಮುಖ್ಯ.

ಹೀರೊ ಹೋಂಡಾ ಎಂಬ ಹೆಸರೂ ಈಗ ಇಲ್ಲ. 2010ರ ಡಿಸೆಂಬರಿನಲ್ಲಿ ಎರಡೂ ಕಂಪನಿಗಳು ಬೇರೆಯಾಗುವ ತೀರ್ಮಾನ ಮಾಡಿದವು, 2011ರಲ್ಲಿ ಅದು ಹೀರೊ ಮೋಟೊಕಾರ್ಪ್ ಆಯಿತು. ಹೆಸರು ಹೋದರೂ ಸ್ಪ್ಲೆಂಡರ್ ಹೋಗಲಿಲ್ಲ. ಹೀಗಾಗಿ 2010ರ ಹೀರೊ ಹೋಂಡಾ ಸ್ಪ್ಲೆಂಡರಿಗೆ ಕ್ಲಚ್ ಪ್ಲೇಟ್, ಚೈನ್, ಬ್ರೇಕ್ ಶೂ ಬೇಕೆಂದರೆ ಹೋಬಳಿ ಮಟ್ಟದ ಅಂಗಡಿಯಲ್ಲೂ ಸಿಗುತ್ತವೆ. ಇದು ಹೆಸರು ನಿಂತು ಸಾಮಾನು ನಿಲ್ಲದ ಗಾಡಿ. ಎರಡನೆಯದು ಯೆಜ್ಡಿಯಂಥದ್ದು: ಕಂಪನಿ ಇಲ್ಲ, ಆದರೆ ಅಭಿಮಾನಿಗಳಿದ್ದಾರೆ. ಅವರಿಗಾಗಿ ಯಾರೋ ಬಿಡಿಭಾಗ ಮಾಡುತ್ತಾರೆ, ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹುಡುಕಿದರೆ ಸಿಗುತ್ತವೆ. ಹುಡುಕಬೇಕು, ತರಿಸಬೇಕು, ಕಾಯಬೇಕು. ಮೂರನೆಯದೇ ನಿಜವಾದ ಅನಾಥ ಗಾಡಿ. ಕಾನ್ಪುರದ ಎಲ್‌ಎಂಎಲ್ ಕಂಪನಿಯ ಫ್ರೀಡಂ, ಕೈನೆಟಿಕ್ ಬಾಸ್, 2013ರಲ್ಲಿ ಬಂದಿದ್ದ ಮಹೀಂದ್ರಾ ಸೆಂಟುರೊ ಇವೆಲ್ಲ ಒಂದು ಕಾಲಕ್ಕೆ ಚೆನ್ನಾಗಿಯೇ ಓಡಿದವು. ಈಗ ಯಾವುದೂ ತಯಾರಾಗುತ್ತಿಲ್ಲ, ಅಭಿಮಾನಿ ಸಂಘವೂ ಇಲ್ಲ. ಹದಿನೈದು ಸಾವಿರಕ್ಕೆ ಥಳಥಳ ಹೊಳೆಯುವ ಗಾಡಿ ಸಿಕ್ಕಿತು ಎಂದು ಯಾರಾದರೂ ಹೇಳಿದರೆ ಬಹುಪಾಲು ಅದು ಈ ಮೂರನೇ ಜಾತಿಯದು.

ನಮ್ಮ ಮನೆಗೂ ಹಿಂದೊಮ್ಮೆ ಇಂಥದೊಂದು ಗಾಡಿ ಬಂದಿತ್ತು. ಯಾವ ಕಂಪನಿಯದು ಎಂಬುದು ಬೇಡ. ಅಗ್ಗ ಎಂದು ತಂದೆವು. ಎಂಟನೇ ತಿಂಗಳಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಕರೇ ಡಬ್ಬಿ ಕೆಟ್ಟಿತು. ಸಿಡಿಐ ಅನ್ನುತ್ತಾರೆ, ಕಿಡಿ ಹೊತ್ತಿಸುವ ಸಾಮಾನು. ಅದು ಹುಬ್ಬಳ್ಳಿಯಲ್ಲಿ ಸಿಗಲಿಲ್ಲ, ಬೆಂಗಳೂರಿನಿಂದ ಬಂದದ್ದು ಕೂಡಲಿಲ್ಲ. ಇಪ್ಪತ್ತಾರು ದಿನ ಗಾಡಿ ಅಂಗಳದಲ್ಲಿ ನಿಂತು ಅದರ ಸೀಟಿನ ಮೇಲೆ ಕೋಳಿ ಕೂಡತೊಡಗಿತು. ಕಂತು ಮಾತ್ರ ಒಂದು ದಿನವೂ ನಿಲ್ಲಲಿಲ್ಲ.

ಅದಕ್ಕೇ ಈಗ ಯಾರು ಕೇಳಿದರೂ ನಾನು ಹೇಳುವುದು ಇಷ್ಟು. ಗಾಡಿ ನೋಡುವ ಮೊದಲು ಅಂಗಡಿಗೆ ಹೋಗ್ರಿ. ಕುಷ್ಟಗಿಗೋ ಇಳಕಲ್ಲಿಗೋ ಗಂಗಾವತಿಗೋ ಸಂತೆ, ಆಸ್ಪತ್ರೆ, ಮದುವೆ ಎಂದು ಹೋಗಿಯೇ ಹೋಗುತ್ತೀರಿ. ಆಗ ಎರಡು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ, ಗಾಡಿಯ ಹೆಸರು ಮತ್ತು ವರ್ಷ ಹೇಳಿ ನಾಲ್ಕು ಸಾಮಾನು ಕೇಳಿ: ಕ್ಲಚ್ ಪ್ಲೇಟ್, ಪಿಸ್ಟನ್ ಮತ್ತು ರಿಂಗು, ಕಾರ್ಬೊರೇಟರ್, ಕಿಡಿಯ ಸಾಮಾನು. ‘ಇದೆ’ ಅಂದರೆ ಬೆಲೆ ಬರೆದುಕೊಳ್ಳಿ. ‘ತರಿಸಿಕೊಡ್ತೀವ್ರಿ’ ಅಂದರೆ ಎಷ್ಟು ದಿನಕ್ಕೆ ಎಂದು ಕೇಳಿ. ‘ಅದರ ಸಾಮಾನು ಬರೋದು ನಿಂತು ಎಷ್ಟೋ ವರ್ಷ ಆತಕ್ಕ’ ಅಂದರೆ ಚಹಾ ಕುಡಿದು ಮನೆಗೆ ಬನ್ನಿ.

ಆಮೇಲೆ ಮೆಕ್ಯಾನಿಕ್. ಊರಿನಲ್ಲಿ ಗ್ಯಾರೇಜು ನಾಲ್ಕಿರಬಹುದು, ‘ಎಲ್ಲಾ ಗಾಡಿ ಮಾಡ್ತೀವ್ರಿ’ ಎಂದು ಎಲ್ಲರೂ ಹೇಳುತ್ತಾರೆ. ‘ಈ ಎಂಜಿನ್ ಯಾವಾಗಾದರೂ ಇಳಿಸಿ ಕಟ್ಟಿದ್ದೀಯೇನಪ್ಪ?’ ಎಂದು ನೇರವಾಗಿ ಕೇಳಿ. ಯೆಜ್ಡಿ ಎಂಜಿನ್ ಕಟ್ಟುವ ಹಳೇ ಮಿಸ್ತ್ರಿಗಳಿಗೆ ಈಗ ವಯಸ್ಸಾಗಿದೆ. ಅಂಥವರು ನಿಮ್ಮ ಸುತ್ತಮುತ್ತ ಒಬ್ಬರಾದರೂ ಇದ್ದರೆ ಆ ಗಾಡಿಗೆ ಅರ್ಧ ಜೀವ ಇದೆ ಎಂದರ್ಥ. ಗಾಡಿ ನೋಡಲು ಹೋಗುವಾಗ ಅವರನ್ನೇ ಕರೆದುಕೊಂಡು ಹೋಗಿ, ಅವರ ಅರ್ಧ ದಿನದ ಕೂಲಿ ಕೊಡಿ. ಮಾರುವವರ ಮೆಕ್ಯಾನಿಕ್ ಹೇಳಿದ ಮಾತು ಗಂಡಿನ ಕಡೆಯವರೇ ಹುಡುಗನನ್ನು ಹೊಗಳಿದಂತೆ.

ಈಗ ಮನೆಯ ಲೆಕ್ಕ. ಹನುಮಸಾಗರದಿಂದ ಕುಷ್ಟಗಿಗೆ ಸುಮಾರು 25 ಕಿಲೋಮೀಟರ್. ಹೋಗಿ ಬರಲು 50, ತಿಂಗಳಿಗೆ 25 ದಿನ ಎಂದರೆ 1,250 ಕಿಲೋಮೀಟರ್. ಹಳೇ ಯೆಜ್ಡಿ ಲೀಟರಿಗೆ 30 ಕೊಟ್ಟರೆ ದೊಡ್ಡದು. ಪೆಟ್ರೋಲನ್ನು ಲೀಟರಿಗೆ ನೂರು ರೂಪಾಯಿ ಎಂದೇ ಹಿಡಿಯಿರಿ, ಸುಮಾರು 4,200 ರೂಪಾಯಿ ಆಯಿತು. ಬೆರೆಸುವ ಆಯಿಲ್ ಬೇರೆ. ಅದೇ ದಾರಿಗೆ ಲೀಟರಿಗೆ 60 ಕೊಡುವ ಸ್ಪ್ಲೆಂಡರಿಗೆ ಸುಮಾರು 2,100. ತಿಂಗಳಿಗೆ ಎರಡು ಸಾವಿರಕ್ಕೂ ಹೆಚ್ಚು ವ್ಯತ್ಯಾಸ. ಇದು ನಿಮ್ಮ ಸಂಘದ ಕಂತಿಗೇ ಸಮ ಆಗಬಹುದು! ವಿಮೆಯಲ್ಲೂ ಹಾಗೇ. 2022ರ ಜೂನಿನಲ್ಲಿ ಜಾರಿಯಾದ ದರದಂತೆ ಥರ್ಡ್ ಪಾರ್ಟಿ ವಿಮೆಗೆ 75ರಿಂದ 150 ಸಿಸಿ ಗಾಡಿಗೆ ವರ್ಷಕ್ಕೆ 714 ರೂಪಾಯಿ, 150 ದಾಟಿ 350 ಸಿಸಿವರೆಗೆ 1,366 ರೂಪಾಯಿ. ತೆರಿಗೆ ಸೇರಿ ಇನ್ನಷ್ಟು. ಇನ್ನೊಂದು ಸಂಗತಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಮೂವತ್ತು ವರ್ಷದ ಹಿಂದಿನ ರಬ್ಬರ್ ಪೈಪು, ವಾಷರುಗಳು ಅದಕ್ಕೆಂದು ಮಾಡಿದವಲ್ಲ. ಅವನ್ನೆಲ್ಲ ಬದಲಿಸುವ ಖರ್ಚನ್ನೂ ಬೆಲೆಗೆ ಸೇರಿಸಿಕೊಳ್ಳಿ.

ಇಷ್ಟೆಲ್ಲ ಸರಿಹೋದರೂ ನನಗೆ ಹೆದರಿಕೆ ಇರುವುದು ಕಾಗದದ ಬಗ್ಗೆ. ಪತ್ರದಲ್ಲಿ ಏಜೆಂಟ್ ಹೇಳಿದ ಆ ಒಂದು ಮಾತು ಓದಿ ನಾನು ಬೆಚ್ಚಿದೆ. ತೀರಿಹೋದವರು ಸಹಿ ಮಾಡಿಟ್ಟ ಫಾರಂ!

ಗಾಡಿ ಮಾರಿ ಹೆಸರು ಬದಲಿಸುವುದಕ್ಕೆ ಫಾರಂ 29 ಮತ್ತು 30 ಬೇಕು. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒ ಕಚೇರಿಗೆ ತಿಳಿಸಬೇಕು ಎಂದು ಕಾನೂನು ಹೇಳುತ್ತದೆ. ಮಾಲಕರು ಬದುಕಿದ್ದಾಗಿನ ಮಾತು ಇದು. ಅವರು ತೀರಿಕೊಂಡಮೇಲೆ ಆ ಸಹಿಯ ಫಾರಮ್ಮಿಗೆ ಈಗಿನ ತಾರೀಖು ಹಾಕಿ ಕೊಡುವುದು ಸುಳ್ಳು ದಾಖಲೆ ಕೊಟ್ಟಂತೆ. ಅದರ ಕೆಳಗೆ ಕೊಂಡವರು ಎಂದು ಸಹಿ ಹಾಕುವವರು ಯಾರು? ನೀವು. ಏಜೆಂಟ್ ಅಲ್ಲ. ಸರಿಯಾದ ದಾರಿ ಏನೆಂದರೆ, ಮೊದಲು ಫಾರಂ 31 ಕೊಟ್ಟು ಗಾಡಿಯನ್ನು ವಾರಸುದಾರರ, ಅಂದರೆ ಆ ತಾಯಿಯ ಹೆಸರಿಗೆ ಮಾಡಿಸಬೇಕು. ಮರಣ ಪ್ರಮಾಣಪತ್ರ, ವಾರಸಾ ದಾಖಲೆ, ಉಳಿದ ವಾರಸುದಾರರ ಒಪ್ಪಿಗೆ ಬೇಕಾಗುತ್ತದೆ. ಆಮೇಲೆ ಅವರಿಂದ ನಿಮಗೆ. ಎರಡು ಸಲ ಓಡಾಟ ಆಗುತ್ತದೆ ನಿಜ, ಆದರೆ ನಾಳೆ ಅವರ ಮಗನೋ ಮೈದುನನೋ ಬಂದು ‘ನಮ್ಮ ಗಾಡಿ ನಿಮ್ಮ ಹತ್ತಿರ ಹೆಂಗ ಬಂತು’ ಎಂದು ಕೇಳುವುದಿಲ್ಲ.

ಮಾರುತ್ತಿರುವ ಆ ತಾಯಿಗೂ ಒಂದು ಮಾತು. ಅವರೂ ಈ ಪುಟ ಓದುತ್ತಿರಬಹುದು. ಯಜಮಾನರ ಗಾಡಿಯನ್ನು ಹೆಸರು ಬದಲಿಸದೆ ಕೊಟ್ಟು ಕೈತೊಳೆದುಕೊಳ್ಳಬೇಡಿ. ಗಾಡಿ ಅಪಘಾತ ಮಾಡಿದರೆ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲಕರು, ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಅಲ್ಲಿ ಗಾಡಿ ಒಬ್ಬರಿಂದ ಒಬ್ಬರಿಗೆ ಹಲವು ಕೈ ದಾಟಿತ್ತು. ಆದರೂ ಹೊಣೆ ಹೋಗಿ ನಿಂತದ್ದು ದಾಖಲೆಯಲ್ಲಿದ್ದ ಮೊದಲ ಮಾಲಕರ ಮೇಲೆ.

ಇನ್ನು ಆರ್‌ಸಿ ಪುಸ್ತಕ. ಗಾಡಿಯ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. 1994ರ ಗಾಡಿ ಎಂದರೆ 2009, 2014, 2019, 2024. ಮಾಲಕರು ತೀರಿಕೊಂಡು ನಾಲ್ಕು ವರ್ಷವಾಗಿದ್ದರೆ 2024ರ ನವೀಕರಣ ಮಾಡಿಸಿದವರು ಯಾರು? ಯಾರೂ ಮಾಡಿಸಿರಲಿಕ್ಕಿಲ್ಲ. 20 ವರ್ಷ ದಾಟಿದ ಬೈಕಿಗೆ ನವೀಕರಣ ಶುಲ್ಕವನ್ನು 2025ರ ಆಗಸ್ಟಿನಲ್ಲಿ 2,000 ರೂಪಾಯಿಗೆ ಏರಿಸಿದ್ದಾರೆ. ಅದರ ಮೇಲೆ ತಡವಾದ ತಿಂಗಳುಗಳ ದಂಡ, ಹಸಿರು ತೆರಿಗೆ, ತಪಾಸಣೆ. ತಪಾಸಣೆಗೆ ಗಾಡಿ ಓಡುವ ಸ್ಥಿತಿಯಲ್ಲಿ ಇರಬೇಕು, ಹೊಗೆ ತಪಾಸಣೆ ಪತ್ರವೂ ಬೇಕು.

ನಂಬರ್ ಪ್ಲೇಟನ್ನೂ ಒಮ್ಮೆ ಕಣ್ಣುಬಿಟ್ಟು ನೋಡಿ. ಕೊಪ್ಪಳದ ಗಾಡಿಗೆ ಕೆಎ 37. ಆದರೆ ಕೊಪ್ಪಳ ಜಿಲ್ಲೆ ಆದದ್ದೇ 1997ರಲ್ಲಿ, ಯೆಜ್ಡಿ ಕಾರ್ಖಾನೆ ಮುಚ್ಚಿದ ಮರುವರ್ಷ. ಅದಕ್ಕೂ ಮೊದಲು ನಾವು ರಾಯಚೂರು ಜಿಲ್ಲೆಯವರು. ಹಾಗಾಗಿ ನಮ್ಮ ಭಾಗದಲ್ಲೇ ಕೊಂಡ ಹಳೇ ಯೆಜ್ಡಿಯ ಮೇಲೆ ಕೆಎ 36 ಎಂದಿರುವುದು ಸಹಜ, ಕಳ್ಳಗಾಡಿ ಎಂದು ಗಾಬರಿಯಾಗಬೇಡಿ. ಕಡತ ಎಲ್ಲಿದೆ, ರಾಯಚೂರಿನಲ್ಲೋ ಕೊಪ್ಪಳದಲ್ಲೋ ಎಂದು ಮಾತ್ರ ವಿಚಾರಿಸಿ. ಫೋನಿನಲ್ಲಿ ಎಂ ಪರಿವಾಹನ್ ಆ್ಯಪ್ ಹಾಕಿಕೊಂಡು ಗಾಡಿ ನಂಬರ್ ಹೊಡೆದರೆ ನೋಂದಣಿ ಎಲ್ಲಿಯವರೆಗೆ ಇದೆ, ವಿಮೆ ಇದೆಯೇ ಎಂಬುದು ಬರುತ್ತದೆ. ಏನೂ ಬರದಿದ್ದರೆ ಆ ಗಾಡಿ ಇನ್ನೂ ಹಳೇ ಪುಸ್ತಕದಲ್ಲೇ ಇದೆ, ಕಂಪ್ಯೂಟರಿಗೆ ಹತ್ತಿಲ್ಲ ಎಂದು ತಿಳಿಯಿರಿ. ಅದನ್ನು ಮಾರುವವರೇ ಮಾಡಿಸಿಕೊಡಲಿ. 2019ರ ಏಪ್ರಿಲಿಗೆ ಮೊದಲಿನ ಗಾಡಿಗಳಿಗೂ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಹಾಕಿಸಬೇಕೆಂದು ರಾಜ್ಯ ಸರ್ಕಾರ 2023ರಲ್ಲಿ ಆದೇಶ ಮಾಡಿದೆ. ಅದನ್ನು ಬುಕ್ ಮಾಡುವಾಗ ಗಾಡಿ ಕಂಪನಿಯ ಹೆಸರು ಆರಿಸಬೇಕಾಗುತ್ತದೆ. ಕಂಪನಿಯೇ ಇಲ್ಲದ ಗಾಡಿಗೆ ಅದು ಹೇಗೆ ಎಂಬುದನ್ನೂ ದುಡ್ಡು ಕೊಡುವ ಮೊದಲೇ ಕೇಳಿಕೊಳ್ಳಿ. ಎಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ಆರ್‌ಸಿ ಜೊತೆ ತಾಳೆ ನೋಡಿ. ತುಕ್ಕು ಹಿಡಿದು ಕಾಣದಿದ್ದರೆ ಮೇಲೆ ಹಾಳೆ ಇಟ್ಟು ಪೆನ್ಸಿಲ್ ತಿಕ್ಕಿದರೆ ಮೂಡುತ್ತದೆ, ಚಿಕ್ಕವರಿದ್ದಾಗ ನಾಣ್ಯದ ಮೇಲೆ ತಿಕ್ಕುತ್ತಿದ್ದೆವಲ್ಲ, ಹಾಗೆ.

ಸಾಲ ನಿಮ್ಮ ಹೆಸರಿನಲ್ಲಿ ಎಂದಾದರೆ ಗಾಡಿಯೂ ನಿಮ್ಮ ಹೆಸರಿನಲ್ಲೇ ಇರಲಿ. ಆರ್‌ಸಿ ನಿಮ್ಮ ಹೆಸರಿಗೆ ಮಾಡಿಸಲು ನಿಮಗೆ ಗಾಡಿ ಓಡಿಸಲು ಬರಬೇಕೆಂದೇನೂ ಇಲ್ಲ. ಕಷ್ಟಕಾಲದಲ್ಲಿ ಮಾರಬೇಕಾದರೆ ನಿಮ್ಮ ಸಹಿ ಬೇಕಾಗುತ್ತದೆ, ಅಷ್ಟು ಹಿಡಿತ ಇದ್ದರೆ ಒಳ್ಳೆಯದು. ಆದರೆ ಹೆಸರಿನ ಜೊತೆ ಹೊಣೆಯೂ ಬರುತ್ತದೆ, ಇಲ್ಲೇ ಹುಡುಗನ ವಯಸ್ಸಿನ ಪ್ರಶ್ನೆ ಬರುವುದು.

ಹದಿನಾರು ತುಂಬಿದವರಿಗೆ ಸಿಗುವುದು 50 ಸಿಸಿ ಒಳಗಿನ, ಗೇರ್ ಇಲ್ಲದ ಗಾಡಿಯ ಲೈಸೆನ್ಸ್ ಮಾತ್ರ. ಗೇರ್ ಗಾಡಿಗೆ ಹದಿನೆಂಟು ತುಂಬಲೇಬೇಕು. 2019ರ ತಿದ್ದುಪಡಿಯಲ್ಲಿ 199ಎ ಎಂಬ ಕಲಂ ಸೇರಿಸಿದ್ದಾರೆ. ಅಪ್ರಾಪ್ತ ಮಕ್ಕಳು ಗಾಡಿ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. ಪೋಷಕರೂ ನೀವೇ, ಮಾಲಕರೂ ನೀವೇ ಆಗುತ್ತೀರಿ. ‘ಊರಾಗ ಯಾರು ಹಿಡೀತಾರ’ ಎಂದು ಹುಡುಗರು ಅನ್ನುವುದು ಗೊತ್ತು. ಪೊಲೀಸರ ಮಾತು ಬಿಡಿ, ಎದುರಿಗೆ ಒಂದು ಎಮ್ಮೆ ಬಂದರೆ 140 ಕಿಲೋ ತೂಗುವ ಆ ಗಾಡಿಯನ್ನು ಹಿಡಿದು ನಿಲ್ಲಿಸಲು ತೋಳು, ಅನುಭವ ಎರಡೂ ಬೇಕು. ಲೈಸೆನ್ಸ್ ಇಲ್ಲದ ಹುಡುಗ ಓಡಿಸುವಾಗ ಏನಾದರೂ ಆದರೆ ವಿಮೆ ಕಂಪನಿ ಕೊಟ್ಟ ಪರಿಹಾರವನ್ನು ಮಾಲಕರಿಂದಲೇ ವಸೂಲಿ ಮಾಡಬಹುದು.

ಆದ್ದರಿಂದ ನನ್ನ ಸಲಹೆ ಕೇಳುವುದಾದರೆ, ಈ ಯೆಜ್ಡಿ ಈ ಮನೆಗೆ ಈಗ ಬೇಡ. ಗಾಡಿ ಕೆಟ್ಟದ್ದೆಂದಲ್ಲ. ದಿನಾ ಐವತ್ತು ಕಿಲೋಮೀಟರ್ ಓಡಲು, ಸಾಲದ ದುಡ್ಡಿನಲ್ಲಿ ಬೇಡ. ಮನೆಯಲ್ಲಿ ಇನ್ನೊಂದು ಗಾಡಿ ಇದ್ದು, ಕೈಯಲ್ಲಿ ಉಳಿತಾಯದ ದುಡ್ಡಿದ್ದು, ಹಬ್ಬಕ್ಕೊಮ್ಮೆ ಡುಗುಡುಗು ಮಾಡಿಕೊಂಡು ಹೊರಡುವವರಿಗೆ ಅದು ಚೆಂದ. ನಿಮ್ಮ ಮನೆಯವರು ಹೇಳಿದ್ದು ಸರಿ, ಆದರೆ ಕಾರಣ ಪೂರ್ತಿ ಸರಿಯಿಲ್ಲ. ಕಂಪನಿ ಬಂದ್ ಆದರೂ ಬಾಳುವ ಗಾಡಿಗಳಿವೆ. ಎಂಟು ತಿಂಗಳು ಕಳೆದು ಹುಡುಗನಿಗೆ ಹದಿನೆಂಟು ತುಂಬಲಿ, ಎಲ್‌ಎಲ್ಆರ್ ಮಾಡಿಸಲಿ. ಅಷ್ಟರಲ್ಲಿ ಪರೀಕ್ಷೆಯೂ ಮುಗಿದಿರುತ್ತದೆ. ಅಲ್ಲಿಯವರೆಗೆ ಸಾರಿಗೆ ಸಂಸ್ಥೆಯ ವಿದ್ಯಾರ್ಥಿ ಪಾಸ್ ಇದ್ದೇ ಇದೆ. ಆಮೇಲೆ ಬೇಕಾದರೆ ಒಂದು ಹಳೇ ಹೀರೊ ಹೋಂಡಾ ನೋಡಿ. ಆ ಹೆಸರಿನ ಕಡೇ ಗಾಡಿಗಳು 2011ರವು. ಅವಕ್ಕೂ 2026ರಲ್ಲಿ 15 ವರ್ಷದ ನವೀಕರಣ ಬರುತ್ತದೆ. ‘ನವೀಕರಣ ಮಾಡಿಸಿ ಕೊಡಿ, ಇಲ್ಲವೇ ಅದರ ಖರ್ಚು ಬೆಲೆಯಲ್ಲಿ ಮುರಿಯಿರಿ’ ಎಂದು ಗಟ್ಟಿಯಾಗಿ ಹೇಳಿ.

ಗಾಡಿ ನೋಡಲು ಬೆಳಿಗ್ಗೆ ಬೇಗ, ಹೇಳದೇ ಹೋಗಿ. ಮೊದಲು ಎಂಜಿನ್ ಮೇಲೆ ಕೈ ಇಟ್ಟು ನೋಡಿ, ಬಿಸಿ ಇದ್ದರೆ ಆಗಲೇ ಒಮ್ಮೆ ಚಾಲೂ ಮಾಡಿ ಇಟ್ಟಿದ್ದಾರೆ. ತಣ್ಣಗಿದ್ದಾಗ ಮೂರ್ನಾಲ್ಕು ಕಿಕ್ಕಿಗೆ ಹತ್ತಬೇಕು. ಸ್ಪ್ಲೆಂಡರಿನಂಥ ಗಾಡಿ ನೀಲಿ ಹೊಗೆ ಬಿಟ್ಟರೆ ಆಯಿಲ್ ಸುಡುತ್ತಿದೆ, ಎಂಜಿನ್ ಕೆಲಸ ಬಂದಿದೆ. ಹುಡುಗ ಓಡಿಸಿ ನೋಡಿ ಹಿಗ್ಗುವುದು ಬೇಡ, ಮೆಕ್ಯಾನಿಕ್ ಓಡಿಸಲಿ, ನೀವು ಹಿಂದೆ ನಿಂತು ನೋಡಿ. ಎರಡೂ ಗಾಲಿ ಒಂದೇ ಗೆರೆಯಲ್ಲಿ ಹೋಗುತ್ತಿಲ್ಲವೆಂದರೆ ಗಾಡಿ ಎಲ್ಲೋ ಬಿದ್ದು ಎದ್ದಿದೆ.

ಕಡೆಯದಾಗಿ ನಾವೇ ನೋಡಬೇಕಾದ್ದೊಂದಿದೆ, ಗಂಡಸರ ಕಣ್ಣಿಗೆ ಅದು ಬೀಳುವುದಿಲ್ಲ. ಹಳೇ ಗಾಡಿ ಕೊಂಡ ಹುಡುಗರು ಸ್ಟೈಲಿಗಾಗಿ ಮೊದಲು ಕಿತ್ತೆಸೆಯುವುದು ಸೀರೆ ಗಾರ್ಡ್. ಹಿಂದಿನ ಗಾಲಿಗೆ ಬಟ್ಟೆ ಸಿಗದಂತೆ ಮರೆ, ಹಿಂದೆ ಕೂತವರಿಗೆ ಹಿಡಿಕೆ, ಕಾಲಿಡಲು ಜಾಗ ಇರಲೇಬೇಕು ಎಂದು ಮೋಟಾರು ವಾಹನ ನಿಯಮದಲ್ಲೇ ಇದೆ. ಸೆರಗು, ವೇಲು ಚಕ್ರಕ್ಕೆ ಸಿಕ್ಕು ಬಿದ್ದವರ ಸುದ್ದಿ ನಾವೆಲ್ಲ ಕೇಳಿದ್ದೇವೆ. ಕಂಪನಿ ನಡೆಯುತ್ತಿರುವ ಗಾಡಿಗೆ ಹೊಸ ಗಾರ್ಡ್ ಅಂಗಡಿಯಲ್ಲೇ ಸಿಗುತ್ತದೆ. ನಿಂತ ಕಂಪನಿಯದಾದರೆ ವೆಲ್ಡಿಂಗ್ ಅಂಗಡಿಯಲ್ಲಿ ಅಳತೆ ಕೊಟ್ಟು ಮಾಡಿಸಬೇಕು. ಸಂಚಕಾರ ಕೊಡುವ ದಿನವೇ ಅದನ್ನೂ ಮಾತಾಡಿಕೊಳ್ಳಿ. ಸಂಚಕಾರ ಎರಡು ಸಾವಿರಕ್ಕಿಂತ ಹೆಚ್ಚು ಕೊಡಬೇಡಿ. ಗಾಡಿ ನಂಬರ್, ಒಪ್ಪಿದ ಬೆಲೆ, ಕಾಗದ ಯಾವ ತಾರೀಖಿನೊಳಗೆ ಕೊಡಬೇಕು, ಕೊಡದಿದ್ದರೆ ಹಣ ವಾಪಸ್ ಎಂಬುದನ್ನು ಬಿಳಿಹಾಳೆಯ ಮೇಲೆ ಬರೆಸಿ, ಇಬ್ಬರ ಸಾಕ್ಷಿ ಹಾಕಿಸಿ. ಉಳಿದ ದುಡ್ಡು ಹೆಸರು ಬದಲಿಯ ಅರ್ಜಿ ಕೊಟ್ಟ ರಸೀದಿ ಕೈಗೆ ಬಂದ ದಿನ.